ಮತ್ತೆ ಮಜ್ಜೆ ಪರೀಕ್ಷೆ ಬೇಕಾ, ರಕ್ತ ಸಾಕಾ? ಕ್ರೋಮೋಸೋಮ್ ದೋಷದ ಮೇಲೆ ರಕ್ತದ ಮೂಲಕ ಕಣ್ಣಿಡುವ ಬಗೆ

ಮಜ್ಜೆಯ ಕಾಯಿಲೆ ಇರುವವರು ಮತ್ತು ಅವರ ಮನೆಯವರು ಪದೇ ಪದೇ ಕೇಳುವ ಪ್ರಶ್ನೆ ಒಂದೇ: 'ಕ್ರೋಮೋಸೋಮ್ ನೋಡೋಕೆ ಪ್ರತಿ ಸಲ ಸೊಂಟದ ಮೂಳೆಗೆ ಸೂಜಿ ಹಾಕಿಸಿಕೊಳ್ಳಲೇಬೇಕಾ? ಕೈಯಿಂದ ರಕ್ತ ತೆಗೆದು ನೋಡೋಕೆ ಆಗಲ್ವಾ?' ಆಗುತ್ತದೆ. ಆದರೆ ಎಲ್ಲ ಕಾಯಿಲೆಯಲ್ಲೂ ಆಗುವುದಿಲ್ಲ, ಎಲ್ಲ ಸಲವೂ ಆಗುವುದಿಲ್ಲ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮುಂದಿನದೆಲ್ಲ ಇದರ ಮೇಲೇ ನಿಂತಿದೆ: ರಕ್ತದ ಪರೀಕ್ಷೆ ಈಗಾಗಲೇ ಗೊತ್ತಿರುವ ದೋಷದ ಬೆನ್ನು ಹತ್ತೋಕೆ ಒಳ್ಳೆಯದು. ಗೊತ್ತಿಲ್ಲದ ದೋಷವನ್ನು ಹುಡುಕೋಕೆ ಅದನ್ನು ನಂಬಿ ಕೂರಬಾರದು.

ಹಿನ್ನೆಲೆ ಸ್ವಲ್ಪ ಬೇಕು. ನಮ್ಮ ಜೀವಕೋಶದಲ್ಲಿ 46 ಕ್ರೋಮೋಸೋಮ್‌ಗಳಿರುತ್ತವೆ, ಅಂದರೆ ವರ್ಣತಂತುಗಳು. ರಕ್ತಕಣಗಳು ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಅಲ್ಲಿನ ಒಂದು ಮೂಲಕೋಶದಲ್ಲಿ ಕ್ರೋಮೋಸೋಮ್‌ನ ತುಂಡು ಕಳೆದುಹೋಗಬಹುದು, ಎರಡು ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗಬಹುದು. ಆ ಒಂದು ಕೋಶದಿಂದ ಹುಟ್ಟಿದ, ಅದೇ ದೋಷ ಹೊತ್ತ ಕೋಶಗಳ ಗುಂಪಿಗೆ ಕ್ಲೋನ್ ಎನ್ನುತ್ತಾರೆ. ನಾವು ಅಳೆಯಲು ಹೊರಟಿರುವುದು ಆ ಗುಂಪು ಹಿಗ್ಗುತ್ತಿದೆಯಾ, ಕುಗ್ಗುತ್ತಿದೆಯಾ ಎಂಬುದನ್ನು. ಇದು ಮಕ್ಕಳಿಗೂ ಬರುತ್ತದಾ ಎಂದು ತುಂಬಾ ಜನ ಹೆದರುತ್ತಾರೆ. ಈ ಕಾಯಿಲೆಗಳಲ್ಲಿ ಕಾಣುವ ಕ್ರೋಮೋಸೋಮ್ ದೋಷ ಹೆಚ್ಚಿನವರಲ್ಲಿ ಹುಟ್ಟಿದ ಮೇಲೆ ಮಜ್ಜೆಯಲ್ಲಿ ಮಾತ್ರ ಆದದ್ದು. ಅದು ಮಕ್ಕಳಿಗೆ ಹೋಗುವುದಿಲ್ಲ.

ಹಂತ 1: ಮೊಟ್ಟಮೊದಲ ಮಜ್ಜೆ ರಿಪೋರ್ಟ್ ಹುಡುಕಿ ಇಟ್ಟುಕೊಳ್ಳಿ

ಕಾಯಿಲೆ ಪತ್ತೆಯಾದಾಗ ಮಾಡಿಸಿದ ಕ್ಯಾರಿಯೋಟೈಪ್ ರಿಪೋರ್ಟ್ ಇಲ್ಲದೆ ಮುಂದೆ ಹೋಗಬೇಡಿ. ಕ್ಯಾರಿಯೋಟೈಪ್ ಎಂದರೆ ಒಂದು ಎರಡಾಗಿ ಒಡೆಯುತ್ತಿರುವ ಕೋಶಗಳನ್ನು ಆ ಗಳಿಗೆಯಲ್ಲೇ ನಿಲ್ಲಿಸಿ, ಎಲ್ಲ ಕ್ರೋಮೋಸೋಮ್‌ಗಳನ್ನೂ ಸೂಕ್ಷ್ಮದರ್ಶಕದಲ್ಲಿ ಜೋಡಿಸಿ ನೋಡುವುದು. ಸಾಮಾನ್ಯವಾಗಿ 20 ಕೋಶ ನೋಡುತ್ತಾರೆ. ಫಲಿತಾಂಶ ಒಂದು ಸೂತ್ರದ ರೂಪದಲ್ಲಿ ಬರುತ್ತದೆ. ರಿಪೋರ್ಟ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿರುತ್ತದೆ, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ:

46,ಎಕ್ಸ್‌ಎಕ್ಸ್,ಡೆಲ್(5)(ಕ್ಯೂ13ಕ್ಯೂ33)[12]/46,ಎಕ್ಸ್‌ಎಕ್ಸ್[8]

ಎಡದಿಂದ ಓದಿ. 46 ಎಂದರೆ ಕ್ರೋಮೋಸೋಮ್‌ಗಳ ಒಟ್ಟು ಸಂಖ್ಯೆ. ಎಕ್ಸ್‌ಎಕ್ಸ್ ಎಂದರೆ ಹೆಣ್ಣು. ಡೆಲ್ ಎಂದರೆ ತುಂಡು ಕಳೆದಿದೆ. 5 ಎಂದರೆ ಯಾವ ಕ್ರೋಮೋಸೋಮ್ ಎಂಬುದು. ಕ್ಯೂ ಎಂದರೆ ಅದರ ಉದ್ದನೆಯ ತೋಳು, 13 ಮತ್ತು 33 ಎಂದರೆ ಎಲ್ಲಿಂದ ಎಲ್ಲಿಯವರೆಗೆ ಕಳೆದಿದೆ ಎಂಬ ಗುರುತು. ಚೌಕ ಆವರಣದ 12 ಎಂದರೆ ಅಷ್ಟು ಕೋಶಗಳಲ್ಲಿ ಈ ದೋಷ ಸಿಕ್ಕಿದೆ. ಅಡ್ಡಗೆರೆಯ ನಂತರದ್ದು ಉಳಿದ 8 ಸರಿಯಾದ ಕೋಶಗಳ ಲೆಕ್ಕ. 'ಟಿ' ಎಂದಿದ್ದರೆ ಎರಡು ಕ್ರೋಮೋಸೋಮ್‌ಗಳ ನಡುವೆ ತುಂಡು ಅದಲುಬದಲಾಗಿದೆ ಎಂದರ್ಥ. ಅಂಕಿಗೆ ಮೊದಲು ಪ್ಲಸ್ ಇದ್ದರೆ ಆ ಕ್ರೋಮೋಸೋಮ್ ಒಂದು ಜಾಸ್ತಿ ಇದೆ, ಮೈನಸ್ ಇದ್ದರೆ ಒಂದು ಇಲ್ಲ.

ಈ ಒಂದು ಸಾಲನ್ನು ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ. ಸಿಎಂಎಲ್ (ನಿಧಾನವಾಗಿ ಬೆಳೆಯುವ ಒಂದು ಬಗೆಯ ರಕ್ತದ ಕ್ಯಾನ್ಸರ್) ಇರುವವರು ಇನ್ನೊಂದು ವಿವರವನ್ನೂ ಬರೆದುಕೊಳ್ಳಬೇಕು: ಟ್ರಾನ್ಸ್‌ಕ್ರಿಪ್ಟ್‌ನ ಬಗೆ, ಅಂದರೆ ದೋಷದ ಜೀನ್‌ನಿಂದ ಕೋಶ ಮಾಡಿಕೊಳ್ಳುವ ಆರ್‌ಎನ್‌ಎ ನಕಲಿನ ಬಗೆ. ಹೆಚ್ಚಿನವರಲ್ಲಿ ಅದು ಇ13ಎ2 ಅಥವಾ ಇ14ಎ2. ಕೆಲವರಲ್ಲಿ ಅಪರೂಪದ ಬಗೆ ಇರುತ್ತದೆ. ಮಾಮೂಲಿ ಪಿಸಿಆರ್ ಕಿಟ್ ಅದನ್ನು ನೋಡಲಾರದು (ಪಿಸಿಆರ್ ಎಂದರೆ ಜೀನ್‌ನ ಒಂದು ತುಂಡನ್ನು ಲಕ್ಷಾಂತರ ಪಟ್ಟು ನಕಲು ಮಾಡಿ ಅಳೆಯುವ ಪರೀಕ್ಷೆ). ಕಾಯಿಲೆ ಇದ್ದೂ ರಿಪೋರ್ಟ್ 'ಸಿಕ್ಕಿಲ್ಲ' ಎಂದು ಬರುತ್ತದೆ. ಮೊದಲ ದಿನದ ವಿವರ ಕೈಯಲ್ಲಿದ್ದರೆ ಈ ಮೋಸ ಆಗುವುದಿಲ್ಲ.

ಎಚ್ಚರಿಕೆ: ವಯಸ್ಸಾದ ಗಂಡಸರಲ್ಲಿ 'ಮೈನಸ್ ವೈ' ಎಂದು ಬಂದರೆ ಗಾಬರಿಯಾಗಬೇಡಿ. ವಯಸ್ಸಾದ ಹಾಗೆ ಕೆಲವು ರಕ್ತಕೋಶಗಳು ವೈ ಕ್ರೋಮೋಸೋಮ್ ಕಳೆದುಕೊಳ್ಳುವುದು ಸಾಮಾನ್ಯ. ಅದೊಂದರಿಂದಲೇ ಕಾಯಿಲೆ ಎಂದು ಹೇಳಲಾಗುವುದಿಲ್ಲ.

ಹಂತ 2: ನಿಮ್ಮ ಕಾಯಿಲೆಯಲ್ಲಿ ರಕ್ತ ಎಷ್ಟರ ಮಟ್ಟಿಗೆ ನಡೆಯುತ್ತದೆ ಎಂದು ತಿಳಿದುಕೊಳ್ಳಿ

ಸಿಎಂಎಲ್, ಅಂದರೆ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ: ಇಲ್ಲಿ ರಕ್ತಪರೀಕ್ಷೆಯೇ ರಾಜಮಾರ್ಗ. 1960ರಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಈ ರೋಗಿಗಳ ಕೋಶಗಳಲ್ಲಿ ಒಂದು ಪುಟ್ಟ ಕ್ರೋಮೋಸೋಮ್ ಕಂಡರು. ಅವರ ಊರಿನಿಂದಲೇ ಅದಕ್ಕೆ ಫಿಲಡೆಲ್ಫಿಯಾ ಕ್ರೋಮೋಸೋಮ್ ಎಂಬ ಹೆಸರು ಬಂತು. ಅದು 9 ಮತ್ತು 22ರ ನಡುವಿನ ಅದಲುಬದಲು ಎಂದು 1973ರಲ್ಲಿ ತೋರಿಸಿದವರು ಜಾನೆಟ್ ರೌಲಿ. ಆ ಅದಲುಬದಲಿನಿಂದ ಬಿಸಿಆರ್-ಎಬಿಎಲ್1 ಎಂಬ ಬೆರಕೆ ಜೀನ್ ಹುಟ್ಟುತ್ತದೆ. ರಕ್ತದ ಪಿಸಿಆರ್ ಅಳೆಯುವುದು ಅದನ್ನೇ. ಶುರುವಿನಲ್ಲಿ ಮಜ್ಜೆ ಪರೀಕ್ಷೆ ಬೇಕು. ಆಮೇಲೆ ಚಿಕಿತ್ಸೆ ನಿರೀಕ್ಷೆಯಂತೆ ನಡೆಯುತ್ತಿದ್ದರೆ ಹೆಚ್ಚಿನವರಿಗೆ ರಕ್ತವೇ ಸಾಕು.

ಎಂಡಿಎಸ್, ಅಂದರೆ ಮೈಲೋಡಿಸ್‌ಪ್ಲಾಸ್ಟಿಕ್ ಸಿಂಡ್ರೋಮ್, ಮಜ್ಜೆ ಸರಿಯಾದ ರಕ್ತಕಣಗಳನ್ನು ಮಾಡಲಾರದ ಕಾಯಿಲೆ: ಪ್ರಶ್ನೆಗಳು ಜಾಸ್ತಿ ಬರುವುದು ಇದರ ಬಗ್ಗೆಯೇ, ಗೊಂದಲ ಜಾಸ್ತಿ ಇರುವುದೂ ಇಲ್ಲೇ. ಎಂಡಿಎಸ್ ಇರುವ ಸುಮಾರು ಅರ್ಧದಷ್ಟು ಜನರಲ್ಲಿ ಮಾತ್ರ ಕ್ಯಾರಿಯೋಟೈಪ್‌ನಲ್ಲಿ ದೋಷ ಕಾಣುತ್ತದೆ. 5ರ ತುಂಡು ಕಳೆಯುವುದು, 7 ಪೂರ್ತಿ ಇಲ್ಲದಿರುವುದು, 8 ಒಂದು ಜಾಸ್ತಿ ಇರುವುದು, 20ರ ತುಂಡು ಕಳೆಯುವುದು ಮುಖ್ಯವಾದವು. 2012ರಲ್ಲಿ ಬಂದ ಐಪಿಎಸ್ಎಸ್-ಆರ್ ಎಂಬ ಲೆಕ್ಕಾಚಾರ ಈ ದೋಷಗಳನ್ನು ತುಂಬಾ ಒಳ್ಳೆಯದರಿಂದ ತುಂಬಾ ಕೆಟ್ಟದರವರೆಗೆ 5 ಗುಂಪು ಮಾಡುತ್ತದೆ. 5ರ ತುಂಡು ಮಾತ್ರ ಕಳೆದಿದ್ದರೆ ಅದು ಒಳ್ಳೆಯ ಗುಂಪು. 7 ಪೂರ್ತಿ ಹೋಗಿದ್ದರೆ ಕೆಟ್ಟ ಗುಂಪು. ಹಾಗಾಗಿ ಹೊಸ ದೋಷ ಸೇರಿಕೊಂಡಿದೆಯಾ ಎಂಬುದು ಚಿಕಿತ್ಸೆಯನ್ನೇ ಬದಲಿಸುವ ಪ್ರಶ್ನೆ.

ಎಂಡಿಎಸ್‌ನಲ್ಲಿ ತೊಡಕು ಇರುವುದು ರಕ್ತದಲ್ಲಿರುವ ಕೋಶಗಳಲ್ಲೇ. ದೋಷ ಇರುವುದು ಮುಖ್ಯವಾಗಿ ನ್ಯೂಟ್ರೋಫಿಲ್‌ನಂಥ ಮಜ್ಜೆ ಮೂಲದ ಬಿಳಿಕಣಗಳಲ್ಲಿ. ಲಿಂಫೋಸೈಟ್ ಎಂಬ ಇನ್ನೊಂದು ಬಗೆಯ ಬಿಳಿಕಣಗಳಲ್ಲಿ ಸಾಮಾನ್ಯವಾಗಿ ದೋಷ ಇರುವುದಿಲ್ಲ. ನ್ಯೂಟ್ರೋಫಿಲ್ ಕಡಿಮೆಯಾದ ರೋಗಿಯ ರಕ್ತದಲ್ಲಿ ಲಿಂಫೋಸೈಟ್‌ಗಳೇ ತುಂಬಿರುತ್ತವೆ. ಎಲ್ಲ ಬಿಳಿಕಣ ಒಟ್ಟಿಗೆ ಎಣಿಸಿದರೆ ದೋಷದ ಪ್ರಮಾಣ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಇದಕ್ಕೆ ಜರ್ಮನಿಯ ಗೊಟ್ಟಿಂಗೆನ್‌ನ ಸಂಶೋಧಕರು ಬೆಳೆಸಿದ ಒಂದು ದಾರಿ ಇದೆ. ರಕ್ತದಲ್ಲಿ ಓಡಾಡುವ ಎಳೆಯ ಕೋಶಗಳು ತೀರಾ ಕಡಿಮೆ. ಅವುಗಳ ಮೇಲೆ ಸಿಡಿ34 ಎಂಬ ಗುರುತು ಇರುತ್ತದೆ. ಆ ಗುರುತಿಗೆ ಅಂಟುವ ಕಾಂತಕಣಗಳಿಂದ ಅವನ್ನಷ್ಟೇ ಹೆಕ್ಕಿ ತೆಗೆದು ಫಿಶ್ ಪರೀಕ್ಷೆ (ಗೊತ್ತಿರುವ ದೋಷವನ್ನು ಹೊಳೆಯುವ ಬಣ್ಣದಿಂದ ಗುರುತಿಸುವುದು, ವಿವರ ಹಂತ 3ರಲ್ಲಿ) ಮಾಡುತ್ತಾರೆ. ಎಳೆಯ ಕೋಶಗಳನ್ನೇ ನೋಡುವುದರಿಂದ ಮಜ್ಜೆಯ ಸ್ಥಿತಿಗೆ ಹತ್ತಿರದ ಚಿತ್ರ ಸಿಗುತ್ತದೆ. ಎಲ್ಲ ಲ್ಯಾಬ್‌ಗಳಲ್ಲೂ ಈ ಸೌಲಭ್ಯ ಇಲ್ಲ. ನಿಮ್ಮ ಲ್ಯಾಬ್ ಮಾಡುವುದು ಇದನ್ನಾ, ಇಲ್ಲ ಮಾಮೂಲಿ ಫಿಶ್ ಅನ್ನಾ ಎಂದು ಕೇಳಿಯೇ ತಿಳಿಯಬೇಕು.

ಮೈಲೋಫೈಬ್ರೋಸಿಸ್: ಮಜ್ಜೆ ನಾರುಗಟ್ಟಿ, ಸೂಜಿ ಹಾಕಿದರೂ ಹಲವು ಸಲ ಏನೂ ಬರುವುದಿಲ್ಲ. ಆದರೆ ಎಳೆಯ ಕೋಶಗಳು ರಕ್ತಕ್ಕೆ ಬಂದಿರುತ್ತವೆ. ಹಾಗಾಗಿ ರಕ್ತದಿಂದಲೇ ಕ್ಯಾರಿಯೋಟೈಪ್ ಎಷ್ಟೋ ಸಲ ಸಾಧ್ಯ.

ಅಕ್ಯೂಟ್ ಲ್ಯುಕೇಮಿಯಾ, ಅಂದರೆ ವೇಗವಾಗಿ ಬೆಳೆಯುವ ರಕ್ತದ ಕ್ಯಾನ್ಸರ್: 15 ಮತ್ತು 17ರ ಅಥವಾ 8 ಮತ್ತು 21ರ ಅದಲುಬದಲು ಇದ್ದವರಲ್ಲಿ, ಚಿಕಿತ್ಸೆ ಮುಗಿದ ಮೇಲೆ ಪಿಸಿಆರ್ ಮಾಡಿ ಉಳಿದಿರುವ ಕಾಯಿಲೆಯ ಸುಳಿವು ಹುಡುಕುತ್ತಾರೆ. ಮಜ್ಜೆಯ ಸ್ಯಾಂಪಲ್ ರಕ್ತಕ್ಕಿಂತ ಸೂಕ್ಷ್ಮ. ಆದ್ದರಿಂದ ರಕ್ತದಲ್ಲಿ ನೋಡುವುದಾದರೆ ಹೆಚ್ಚು ಸಲ ನೋಡಬೇಕಾಗುತ್ತದೆ.

ಅಪ್ಲಾಸ್ಟಿಕ್ ಅನೀಮಿಯಾ: ಕೋಶಗಳೇ ಕಡಿಮೆ. 7 ಕಳೆದುಹೋದ ಕ್ಲೋನ್ ತಲೆ ಎತ್ತುತ್ತದಾ ಎಂದು ನೋಡುವುದಕ್ಕೆ ಮಜ್ಜೆಯನ್ನೇ ನಂಬಬೇಕು.

ಹಂತ 3: ಯಾವ ಪರೀಕ್ಷೆ ಎಂದು ಸರಿಯಾಗಿ ಕೇಳಿ ಬರೆಸಿಕೊಳ್ಳಿ

ಕ್ಯಾರಿಯೋಟೈಪ್ ಎಂದರೆ ತರಗತಿಯಲ್ಲಿ ಎಲ್ಲರ ಹಾಜರಿ ಕರೆದಂತೆ, ಫಿಶ್ ಎಂದರೆ ಒಬ್ಬನ ಹೆಸರು ಮಾತ್ರ ಕೂಗಿದಂತೆ. ಫಿಶ್‌ನಲ್ಲಿ ಹೊಳೆಯುವ ಬಣ್ಣ ಹಚ್ಚಿದ ಡಿಎನ್ಎ ತುಂಡನ್ನು ಕೋಶದ ಮೇಲೆ ಬಿಡುತ್ತಾರೆ. ಅದಕ್ಕೆ ಪ್ರೋಬ್ ಎನ್ನುತ್ತಾರೆ. ಕ್ರೋಮೋಸೋಮ್‌ನ ಆ ಜಾಗ ಇದ್ದರೆ ಚುಕ್ಕೆ ಹೊಳೆಯುತ್ತದೆ. 5ರ ಪ್ರೋಬ್‌ಗೆ ಎರಡು ಚುಕ್ಕೆ ಇರಬೇಕಾದಲ್ಲಿ ಒಂದೇ ಕಂಡರೆ ತುಂಡು ಕಳೆದಿದೆ ಎಂದರ್ಥ. ಕೋಶ ಒಡೆಯುತ್ತಿರಬೇಕು ಎಂಬ ನಿಯಮ ಫಿಶ್‌ಗೆ ಇಲ್ಲ, ಸಾಮಾನ್ಯವಾಗಿ 200 ಕೋಶ ಎಣಿಸುತ್ತಾರೆ. ರಕ್ತದಲ್ಲಿ ಅದು ಅನುಕೂಲವಾಗುವುದು ಇದಕ್ಕೇ. ಆದರೆ 5ರ ಪ್ರೋಬ್ ಹಾಕಿದರೆ 7ರಲ್ಲಿ ಏನಾಗಿದೆ ಎಂದು ಅದು ಹೇಳುವುದಿಲ್ಲ. 'ಫಿಶ್ ನಾರ್ಮಲ್' ಎಂಬ ರಿಪೋರ್ಟ್‌ನ ಅರ್ಥ, ಹಾಕಿದ ಪ್ರೋಬ್‌ಗಳ ಮಟ್ಟಿಗೆ ನಾರ್ಮಲ್ ಎಂದಷ್ಟೇ.

ಪಿಸಿಆರ್ ಇನ್ನೂ ಸೂಕ್ಷ್ಮ, ಲಕ್ಷ ಕೋಶಗಳಲ್ಲಿ ಒಂದನ್ನು ಕೂಡ ಹಿಡಿಯಬಲ್ಲದು. ಆದರೆ ಮುಖ್ಯವಾಗಿ ಬೆರಕೆ ಜೀನ್ ಇರುವ ಕಾಯಿಲೆಗಳಲ್ಲಿ ಹೀಗೆ ಉಪಯೋಗಕ್ಕೆ ಬರುತ್ತದೆ. 7 ಪೂರ್ತಿ ಕಳೆದುಹೋದದ್ದನ್ನು ಆ ಬಗೆಯ ಪಿಸಿಆರ್‌ನಿಂದ ಅಳೆಯಲಾಗುವುದಿಲ್ಲ. ಎನ್‌ಜಿಎಸ್ ಎಂಬುದು ಜೀನ್‌ಗಳ ಅಕ್ಷರ ಅಕ್ಷರ ಓದುವ ಪರೀಕ್ಷೆ. ಜೆಎಕೆ2, ಟಿಪಿ53ರಂಥ ಜೀನ್‌ಗಳಲ್ಲಿನ ಸಣ್ಣ ಬದಲಾವಣೆಗಳು ಸೂಕ್ಷ್ಮದರ್ಶಕಕ್ಕೆ ಕಾಣುವುದಿಲ್ಲ, ಇದರಲ್ಲಿ ಸಿಗುತ್ತವೆ. ಇದಕ್ಕೆ ರಕ್ತ ಸಾಮಾನ್ಯವಾಗಿ ಸಾಕಾಗುತ್ತದೆ.

ಇಲ್ಲೊಂದು ದೊಡ್ಡ ಹೊಂಡ ಇದೆ, ದಯವಿಟ್ಟು ಗಮನವಿಟ್ಟು ಓದಿ. 'ರಕ್ತದ ಕ್ಯಾರಿಯೋಟೈಪ್' ಎಂದಷ್ಟೇ ಚೀಟಿಯಲ್ಲಿ ಬರೆದರೆ ಹಲವು ಲ್ಯಾಬ್‌ಗಳು ಬೇರೆಯೇ ಪರೀಕ್ಷೆ ಮಾಡಿಬಿಡುತ್ತವೆ. ಹುಟ್ಟಿನಿಂದ ಬಂದ ಕ್ರೋಮೋಸೋಮ್ ದೋಷ ನೋಡಲು, ಉದಾಹರಣೆಗೆ ಪದೇ ಪದೇ ಗರ್ಭ ನಿಲ್ಲದ ದಂಪತಿಗಳಿಗೆ, ಮಾಡುವ ಪರೀಕ್ಷೆ ಅದು. ಅದರಲ್ಲಿ ಪಿಎಚ್‌ಎ ಎಂಬ ವಸ್ತು ಸೇರಿಸಿ ಲಿಂಫೋಸೈಟ್‌ಗಳನ್ನು ಒಡೆಯುವಂತೆ ಮಾಡುತ್ತಾರೆ. ಮಜ್ಜೆಯ ಕ್ಲೋನ್ ಇರುವುದು ಆ ಕೋಶಗಳಲ್ಲಿ ಅಲ್ಲವಲ್ಲ! 20ಕ್ಕೆ 20 ನಾರ್ಮಲ್ ಎಂದು ರಿಪೋರ್ಟ್ ಬರುತ್ತದೆ, ಮನೆಯವರು ಕಾಯಿಲೆ ಹೋಯಿತೆಂದು ಖುಷಿಪಡುತ್ತಾರೆ. ಆದ್ದರಿಂದ ಚೀಟಿಯಲ್ಲಿ ಮೂರು ವಿಷಯ ಇರಲೇಬೇಕು: ಕಾಯಿಲೆಯ ಹೆಸರು, ಮೊದಲು ಸಿಕ್ಕ ದೋಷದ ಸೂತ್ರ, 'ಪಿಎಚ್‌ಎ ಇಲ್ಲದೆ ಕಲ್ಚರ್' ಎಂಬ ಸೂಚನೆ (ಕಲ್ಚರ್ ಎಂದರೆ ಲ್ಯಾಬ್‌ನಲ್ಲಿ ಕೋಶ ಬೆಳೆಸುವುದು). ಹೀಗೆ ಬರೆಸಿದರೂ, ರಕ್ತದಲ್ಲಿ ಎಳೆಯ ಕೋಶಗಳು ಇಲ್ಲದಿದ್ದರೆ ಒಡೆಯುವ ಕೋಶ ಸಿಗದೆ ಪರೀಕ್ಷೆ ವಿಫಲವಾಗಬಹುದು. 'ಕೋಶ ಸಿಗಲಿಲ್ಲ' ಎಂಬುದನ್ನು 'ದೋಷ ಇಲ್ಲ' ಎಂದು ಓದಿಕೊಳ್ಳಬೇಡಿ.

ಹಂತ 4: ರಕ್ತ ಕೊಡುವ ದಿನ

ಖಾಲಿ ಹೊಟ್ಟೆ ಬೇಕಿಲ್ಲ. ಟ್ಯೂಬ್ ಮಾತ್ರ ಸರಿ ಇರಬೇಕು. ಕ್ಯಾರಿಯೋಟೈಪ್ ಮತ್ತು ಫಿಶ್‌ಗೆ ಸೋಡಿಯಂ ಹೆಪಾರಿನ್ ಟ್ಯೂಬ್, ಸಾಮಾನ್ಯವಾಗಿ ಹಸಿರು ಮುಚ್ಚಳದ್ದು. ಪಿಸಿಆರ್ ಮತ್ತು ಎನ್‌ಜಿಎಸ್‌ಗೆ ಇಡಿಟಿಎ ಟ್ಯೂಬ್, ಸಾಮಾನ್ಯವಾಗಿ ನೇರಳೆ ಮುಚ್ಚಳದ್ದು. ಅದಲುಬದಲಾದರೆ ಕಷ್ಟ. ಹೆಪಾರಿನ್ ಪಿಸಿಆರ್ ನಡೆಯದಂತೆ ತಡೆಯುತ್ತದೆ. ಎರಡೂ ಪರೀಕ್ಷೆ ಇದ್ದರೆ ಎರಡು ಟ್ಯೂಬ್ ಹೋಗಬೇಕು. ರಕ್ತ ತೆಗೆದ ಕೂಡಲೇ ಟ್ಯೂಬನ್ನು ಮೆಲ್ಲಗೆ ಕೆಲವು ಸಲ ಮೇಲೆ ಕೆಳಗೆ ಮಾಡಬೇಕು. ಹೆಪ್ಪುಗಟ್ಟಿದ ರಕ್ತ ಉಪಯೋಗಕ್ಕೆ ಬಾರದು.

ಸ್ಯಾಂಪಲ್ ಫ್ರೀಜ್ ಆಗಬಾರದು, ನೇರವಾಗಿ ಐಸ್ ಮೇಲೂ ಇಡಬಾರದು. ಕ್ಯಾರಿಯೋಟೈಪ್‌ಗೆ ಜೀವಂತ ಕೋಶ ಬೇಕು. ಬಿಸಿಆರ್-ಎಬಿಎಲ್1 ಪರೀಕ್ಷೆ ಆರ್‌ಎನ್‌ಎ ಮೇಲೆ ನಿಂತಿದೆ, ಅದು ಬೇಗ ಕೆಡುತ್ತದೆ. ಒಂದೆರಡು ದಿನದೊಳಗೆ ಲ್ಯಾಬ್ ತಲುಪುವಂತೆ ನೋಡಿಕೊಳ್ಳಿ. ಬೇರೆ ಊರಿಗೆ ಕಳಿಸುವುದಾದರೆ ವಾರದ ಮೊದಲ ದಿನಗಳಲ್ಲೇ ಕೊಡಿ. ವಾರದ ಕೊನೆಗೆ ಕೊಟ್ಟರೆ ರಜೆಯಲ್ಲಿ ಸುಮ್ನೆ ಬಿದ್ದಿರುತ್ತದೆ.

ಬಿಳಿಕಣ ತುಂಬಾ ಕಡಿಮೆ ಇದ್ದರೆ ಜಾಸ್ತಿ ರಕ್ತ ಬೇಕಾಗುತ್ತದೆ. ಮೊದಲೇ ಲ್ಯಾಬ್‌ನವರನ್ನು ಕೇಳಿ. ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೆ, ಬಿಳಿಕಣ ಹೆಚ್ಚಿಸುವ ಇಂಜೆಕ್ಷನ್ ತಗೊಂಡಿದ್ದರೆ, ಮಜ್ಜೆ ಕಸಿ ಆಗಿದ್ದರೆ ಚೀಟಿಯಲ್ಲಿ ಬರೆಸಿ. ಕಸಿ ಆದವರ ರಕ್ತದಲ್ಲಿ ದಾನಿಯ ಕೋಶಗಳೇ ಇರುತ್ತವೆ. ಹೆಣ್ಣುಮಗಳ ರಿಪೋರ್ಟ್‌ನಲ್ಲಿ ಎಕ್ಸ್‌ವೈ ಬಂದರೆ ಲ್ಯಾಬ್‌ನವರು ಸ್ಯಾಂಪಲ್ ಅದಲುಬದಲಾಗಿದೆ ಅಂದುಕೊಳ್ಳಬಾರದಲ್ವಾ.

ಹಂತ 5: ರಿಪೋರ್ಟ್ ಬಂದ ಮೇಲೆ

ಕ್ಯಾರಿಯೋಟೈಪ್ ಬಂದರೆ ಮೊದಲು ಎಷ್ಟು ಕೋಶ ನೋಡಿದ್ದಾರೆ ಎಂದು ನೋಡಿ. 20 ಕೋಶ ನೋಡಿ ಎಲ್ಲ ನಾರ್ಮಲ್ ಇದ್ದರೂ ಸುಮಾರು 14 ಶೇಕಡಾಕ್ಕಿಂತ ಚಿಕ್ಕ ಕ್ಲೋನ್ ತಪ್ಪಿಸಿಕೊಂಡಿರಬಹುದು. 6 ಅಥವಾ 8 ಕೋಶ ಮಾತ್ರ ಸಿಕ್ಕಿದ್ದರೆ ಆ 'ನಾರ್ಮಲ್'ಗೆ ಇನ್ನೂ ಕಡಿಮೆ ಬೆಲೆ. ಒಂದೇ ಒಂದು ಕೋಶದಲ್ಲಿ ಹೊಸ ದೋಷ ಕಂಡರೆ ಅದನ್ನು ಕ್ಲೋನ್ ಎನ್ನುವುದಿಲ್ಲ. ಕ್ರೋಮೋಸೋಮ್ ಜಾಸ್ತಿಯಾದದ್ದು ಅಥವಾ ಆಕಾರ ಬದಲಾದದ್ದು ಕನಿಷ್ಠ 2 ಕೋಶಗಳಲ್ಲಿ, ಇಡೀ ಕ್ರೋಮೋಸೋಮ್ ಕಳೆದುಹೋದದ್ದು ಕನಿಷ್ಠ 3 ಕೋಶಗಳಲ್ಲಿ ಒಂದೇ ರೀತಿ ಕಾಣಬೇಕು.

ಫಿಶ್‌ನಲ್ಲಿ ಪ್ರತಿ ಪ್ರೋಬ್‌ಗೂ ಲ್ಯಾಬ್ ಒಂದು ಕಟ್‌ಆಫ್ ಇಟ್ಟಿರುತ್ತದೆ, ಅಂದರೆ ದಾಟಿದರೆ ಮಾತ್ರ ದೋಷ ಎಂದು ಲೆಕ್ಕಕ್ಕೆ ಹಿಡಿಯುವ ಮಿತಿ. ಎರಡು ಚುಕ್ಕೆ ಒಂದರ ಮೇಲೊಂದು ಕೂತರೆ ಒಂದೇ ಎಂದು ಕಾಣುತ್ತದೆ. ಹಾಗಾಗಿ ಆರೋಗ್ಯವಂತರಲ್ಲೂ ಒಂದಿಷ್ಟು ಶೇಕಡಾ ಕೋಶಗಳಲ್ಲಿ ಸುಳ್ಳು ದೋಷ ಸಿಗುತ್ತದೆ. ನಿಮ್ಮ ಅಂಕಿ 3 ಶೇಕಡಾ, ಕಟ್‌ಆಫ್ 5 ಶೇಕಡಾ ಆಗಿದ್ದರೆ ಅದು ಕಾಯಿಲೆ ಮರಳಿದ ಗುರುತಲ್ಲ. ಮಜ್ಜೆಯ 60 ಶೇಕಡಾವನ್ನು ರಕ್ತದ 30 ಶೇಕಡಾದ ಪಕ್ಕ ಇಟ್ಟು 'ಅರ್ಧ ಕಡಿಮೆಯಾಯಿತು' ಎನ್ನಲೂ ಬೇಡಿ. ಮಜ್ಜೆಯನ್ನು ಮಜ್ಜೆಗೆ, ರಕ್ತವನ್ನು ರಕ್ತಕ್ಕೆ ಹೋಲಿಸಿ.

ಬಿಸಿಆರ್-ಎಬಿಎಲ್1 ಇದ್ದವರು ರಿಪೋರ್ಟ್‌ನಲ್ಲಿ ಇಂಟರ್‌ನ್ಯಾಷನಲ್ ಸ್ಕೇಲ್ ಎಂದಿದೆಯಾ ನೋಡಿ. ಬೇರೆ ಬೇರೆ ಲ್ಯಾಬ್‌ಗಳ ಅಂಕಿ ಒಂದೇ ಅಳತೆಗೆ ಬರುವುದು ಅದರಿಂದ. ನೆನಪಿಡಬೇಕಾದ ಮೆಟ್ಟಿಲುಗಳು ಇವು: ಔಷಧ ಶುರುವಾಗಿ 3 ತಿಂಗಳಿಗೆ 10 ಶೇಕಡಾ ಅಥವಾ ಕೆಳಗೆ, 6 ತಿಂಗಳಿಗೆ 1 ಅಥವಾ ಕೆಳಗೆ, 12 ತಿಂಗಳಿಗೆ 0.1 ಅಥವಾ ಕೆಳಗೆ. ಈ 0.1ಕ್ಕೆ ಮೇಜರ್ ಮಾಲಿಕ್ಯುಲರ್ ರೆಸ್ಪಾನ್ಸ್ ಎನ್ನುತ್ತಾರೆ. 'ಸಿಕ್ಕಿಲ್ಲ' ಎಂದು ಬಂದಾಗ ಎಬಿಎಲ್1 ಪ್ರತಿಗಳ ಸಂಖ್ಯೆಯನ್ನೂ ನೋಡಿ. ಸ್ಯಾಂಪಲ್‌ನ ಗುಣಮಟ್ಟ ಹೇಳುವುದು ಅದೇ. 10,000ಕ್ಕಿಂತ ಕಡಿಮೆ ಇದ್ದರೆ 0.01ರ ಮಟ್ಟ ಮುಟ್ಟಿದೆ ಎಂದು ಆ ಸ್ಯಾಂಪಲ್‌ನಿಂದ ಹೇಳಲಾಗದು.

ಸಣ್ಣ ಅಂಕಿಗಳಲ್ಲಿ ಏರಿಳಿತ ಇದ್ದೇ ಇರುತ್ತದೆ. 0.01 ಇದ್ದದ್ದು 0.02 ಆದರೆ ರಾತ್ರಿ ನಿದ್ದೆಗೆಡಬೇಡಿ. ಅದೇ ಲ್ಯಾಬ್‌ನಲ್ಲಿ ಮತ್ತೊಮ್ಮೆ ನೋಡಬೇಕು. ನಿಜವಾಗಿ ಏರುತ್ತಿದ್ದರೆ ಮೊದಲು ಕೇಳಿಕೊಳ್ಳಬೇಕಾದದ್ದು ಮಾತ್ರೆ ತಪ್ಪುತ್ತಿದೆಯಾ ಎಂದು. ತಪ್ಪಿದ್ದರೆ ವೈದ್ಯರಿಗೆ ಮುಚ್ಚುಮರೆ ಇಲ್ಲದೆ ಹೇಳಿ. ಮುಚ್ಚಿಟ್ಟರೆ ಔಷಧ ಕೆಲಸ ಮಾಡುತ್ತಿಲ್ಲ ಎಂದುಕೊಂಡು ಬೇರೆ ಔಷಧಕ್ಕೆ ಬದಲಿಸುತ್ತಾರೆ, ಅದರ ತೊಂದರೆಗಳನ್ನು ನೀವೇ ಅನುಭವಿಸಬೇಕಾಗುತ್ತದೆ.

ಹಂತ 6: ಎಷ್ಟು ಸಮಯಕ್ಕೊಮ್ಮೆ

ಸಿಎಂಎಲ್‌ನಲ್ಲಿ 3 ತಿಂಗಳಿಗೊಮ್ಮೆ ಎಂಬುದು ರೂಢಿ. ವರ್ಷಗಟ್ಟಲೆ ಅಂಕಿ ಚೆನ್ನಾಗಿದ್ದು ವೈದ್ಯರೇ ಮಾತ್ರೆ ನಿಲ್ಲಿಸಿ ನೋಡೋಣ ಎಂದಾಗ ಲೆಕ್ಕ ಬದಲಾಗುತ್ತದೆ: ಮೊದಲ 6 ತಿಂಗಳು ಪ್ರತಿ ತಿಂಗಳು, ವರ್ಷ ತುಂಬುವವರೆಗೆ 2 ತಿಂಗಳಿಗೊಮ್ಮೆ, ಆಮೇಲೆ 3 ತಿಂಗಳಿಗೊಮ್ಮೆ. ಹೀಗೆ ನಿಲ್ಲಿಸಿದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮತ್ತೆ ಮಾತ್ರೆ ಬೇಕಾಗುತ್ತದೆ. ಅಂಕಿ 0.1 ದಾಟಿದರೆ ಮತ್ತೆ ಶುರು ಮಾಡುತ್ತಾರೆ. ತಿಂಗಳ ಪರೀಕ್ಷೆ ತಪ್ಪಿಸದವರಿಗೆ ಮಾತ್ರ ಈ ದಾರಿ. ನಿಮ್ಮಷ್ಟಕ್ಕೆ ನೀವೇ ಮಾತ್ರೆ ನಿಲ್ಲಿಸಬೇಡಿ.

ಎಂಡಿಎಸ್‌ಗೆ ಇಂಥ ಒಂದೇ ವೇಳಾಪಟ್ಟಿ ಇಲ್ಲ. ಅಪಾಯದ ಗುಂಪು, ಔಷಧ, ರಕ್ತಕಣಗಳ ಎಣಿಕೆ ನೋಡಿ ವೈದ್ಯರು ಹೇಳುತ್ತಾರೆ. ದಿನಾಂಕ, ರಕ್ತವೋ ಮಜ್ಜೆಯೋ, ಲ್ಯಾಬ್, ಪರೀಕ್ಷೆಯ ಬಗೆ, ಎಣಿಸಿದ ಕೋಶ, ಸಿಕ್ಕ ಶೇಕಡಾ, ಆ ದಿನದ ಹಿಮೋಗ್ಲೋಬಿನ್, ಬಿಳಿಕಣ, ಪ್ಲೇಟ್‌ಲೆಟ್ ಇಷ್ಟನ್ನೂ ಒಂದೇ ಸಾಲಿನಲ್ಲಿ ಬರೆಯುತ್ತಾ ಹೋಗಿ. ನಾಲ್ಕೈದು ಸಾಲು ಸೇರಿದ ಮೇಲೆ ಕ್ಲೋನ್ ಎತ್ತ ಹೋಗುತ್ತಿದೆ ಎಂದು ನಿಮಗೇ ಕಾಣುತ್ತದೆ.

ಹಂತ 7: ರಕ್ತ ಸಾಲದು, ಮಜ್ಜೆಯೇ ಬೇಕು ಎನ್ನುವ ಸಂದರ್ಭ

ಕಾರಣ ತಿಳಿಯದೆ ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಅಥವಾ ಬಿಳಿಕಣ ಇಳಿಯುತ್ತಾ ಹೋದರೆ, ರಕ್ತದಲ್ಲಿ ಬ್ಲಾಸ್ಟ್ ಎಂಬ ಎಳೆಯ ಕೋಶ ಹೊಸದಾಗಿ ಕಂಡರೆ ಅಥವಾ ಹೆಚ್ಚಿದರೆ, ಗುಲ್ಮ ದೊಡ್ಡದಾಗುತ್ತಿದ್ದರೆ, ಕೆಲಸ ಮಾಡುತ್ತಿದ್ದ ಔಷಧ ಕೈಕೊಟ್ಟರೆ, ಚಿಕಿತ್ಸೆ ಬದಲಿಸುವ ಅಥವಾ ಕಸಿ ಮಾಡುವ ಮಾತು ಬಂದರೆ ಮಜ್ಜೆ ಪರೀಕ್ಷೆಯನ್ನು ಮುಂದೂಡಬೇಡಿ. ಎಂಡಿಎಸ್‌ನಲ್ಲಿ ಮಜ್ಜೆಯ ಬ್ಲಾಸ್ಟ್ ಎಷ್ಟು ಶೇಕಡಾ ಎಂಬುದರ ಮೇಲೆ ಎಷ್ಟೋ ತೀರ್ಮಾನ ನಿಂತಿದೆ, ಅದನ್ನು ರಕ್ತದ ಫಿಶ್ ಹೇಳಲಾರದು. ಹಳೆಯ ಕ್ಲೋನ್‌ನೊಳಗೆ ಹೊಸ ದೋಷ ಸೇರಿಕೊಂಡಿದ್ದರೂ, ಅದಕ್ಕೆ ಪ್ರೋಬ್ ಹಾಕಿರದಿದ್ದರೆ, ರಕ್ತದ ರಿಪೋರ್ಟ್ ಮೊದಲಿನ ಹಾಗೇ ಇರುತ್ತದೆ. ಸಿಎಂಎಲ್‌ನಲ್ಲೂ ಪಿಸಿಆರ್ ಅಂಕಿ ಚೆನ್ನಾಗಿದ್ದು ರಕ್ತಕಣಗಳು ಮಾತ್ರ ಕಾರಣವಿಲ್ಲದೆ ಇಳಿಯುತ್ತಿದ್ದರೆ ಮಜ್ಜೆ ನೋಡಲೇಬೇಕು.

ಮುಂದಿನ ಭೇಟಿಯಲ್ಲಿ ವೈದ್ಯರನ್ನು ನೇರವಾಗಿ ಹೀಗೆ ಕೇಳಿ: 'ಸರ್, ಈ ಸಲ ರಕ್ತದಲ್ಲಿ ಯಾವ ದೋಷ ನೋಡುತ್ತಿದ್ದೀರಿ? ಹೊಸದೇನಾದರೂ ಬಂದಿದ್ದರೆ ಈ ಪರೀಕ್ಷೆಯಲ್ಲಿ ಗೊತ್ತಾಗುತ್ತಾ? ಯಾವ ಅಂಕಿ ಬಂದರೆ ಮಜ್ಜೆ ಮಾಡುತ್ತೀರಿ?' ಉತ್ತರವನ್ನು ನೋಟ್‌ಬುಕ್‌ನಲ್ಲಿ ಅಲ್ಲೇ ಬರೆದುಕೊಳ್ಳಿ. ಜ್ವರ ಬಂದರೆ, ಮೂಗು ಅಥವಾ ಒಸಡಿನಿಂದ ರಕ್ತ ನಿಲ್ಲದಿದ್ದರೆ, ನಾಲ್ಕು ಹೆಜ್ಜೆಗೇ ಏದುಸಿರು ಬರುತ್ತಿದ್ದರೆ ಪರೀಕ್ಷೆಯ ದಿನಾಂಕಕ್ಕೆ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.